ಕೆರಿಸನ್ ಕಾರು ಬಿಚ್ಚುವ ಕ್ರಮ

ನನ್ನ ಗಂಡ ಸಿರಿಲ್‌ಗೆ ಒಂದು ಒಳ್ಳೆಯ ಅಭ್ಯಾಸವಿತ್ತು. ಒಮ್ಮೆ ಕಿತ್ತ ಸ್ಪ್ಲಿಟ್ ಪಿನ್ನನ್ನು, ಅಂದರೆ ನಟ್ಟು ಕಳಚದ ಹಾಗೆ ತೂರಿಸುವ ತಂತಿಯನ್ನು, ಅವನು ಜನ್ಮದಲ್ಲಿ ಮತ್ತೆ ಬಳಸುವವನಲ್ಲ. ಬಗ್ಗಿಸಿದ ಕಾಲನ್ನು ನೆಟ್ಟಗೆ ಮಾಡಿದ ಪಿನ್ನಿಗೆ ಸತ್ವ ಇರುವುದಿಲ್ಲವಂತೆ. ಕಿತ್ತದ್ದೇ ತಡ, ಹೆಗಲ ಮೇಲಿಂದ ಹಿಂದಕ್ಕೆ ಎಸೆಯುತ್ತಿದ್ದ. ಅದು ನನ್ನ ಹೊಲಿಗೆ ಯಂತ್ರದ ಕೆಳಗೆ ಬಂದು ಬೀಳುತ್ತಿತ್ತು, ನನ್ನ ಕಾಲಿಗೆ ಚುಚ್ಚುತ್ತಿತ್ತು, ನಾನು ಬೈಯುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆದಿತ್ತು. ಆ ಒಳ್ಳೆಯ ಅಭ್ಯಾಸವೇ ಒಂದು ಹುಡುಗಿಯ ಕಾಲು ಮುರಿಯಿತು ಎಂದರೆ ಯಾರಾದರೂ ನಂಬುತ್ತಾರೆಯೇ? ನಂಬಬೇಕು. ಬಾಯಲ್ಲಿ ಹೇಳಿದವನು ಅವನು, ಪೆನ್ಸಿಲ್ ಹಿಡಿದು ಬರೆದವಳು ನಾನು.

ಕೆರಿಸನ್ ಕಾರ್ಖಾನೆ ಎಂದರೆ ಏನೋ ಭಾರಿ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ನಾರ್ಫಕ್‌ನ ಒಂದು ಸಣ್ಣ ಊರು, ಬಿಯರ್ ಮಾಡುವವರಿಗಾಗಿ ಬಾರ್ಲಿ ಮೊಳಕೆ ಕಟ್ಟುತ್ತಿದ್ದ ಹಳೆಯ ಗೋದಾಮು. ಮಳೆ ಬಂದರೆ ಗೋಡೆಯಿಂದ ಇವತ್ತಿಗೂ ಹುಳಿ ವಾಸನೆ ಏಳುತ್ತದೆ. ಯಜಮಾನರು ಡೆನ್ಜಿಲ್ ಕೆರಿಸನ್ ಯುದ್ಧದ ಕಾಲದಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದವರು. ಯುದ್ಧ ಮುಗಿಯಿತು, ವಿಮಾನಗಳು ಹೋದವು, ರನ್‌ವೇ ಉಳಿಯಿತು. ಆ ಖಾಲಿ ರನ್‌ವೇ ಮೇಲೆ ಭಾನುವಾರ ಬಂದರೆ ಕಾರು ಓಡಿಸುವ ಹುಚ್ಚು ಇಡೀ ಸೀಮೆಗೆ ಹತ್ತಿತು. ಗುಜರಿಯಿಂದ ತಂದ ಒಂದು ಪುಟ್ಟ ಆಸ್ಟಿನ್ ಕಾರಿನ ಮೈಯೆಲ್ಲ ಕಳಚಿ, ಅಲ್ಯೂಮಿನಿಯಂ ತಗಡು ಹೊದಿಸಿ, ಸಿಕ್ಕಿದ ಕಡೆಯೆಲ್ಲ ತೂತು ಕೊರೆದು ಭಾರ ಇಳಿಸಿ ಸಿರಿಲ್ ಕಟ್ಟಿಕೊಟ್ಟ, ಯಜಮಾನರು ಓಡಿಸಿದರು. ಎರಡು ಪಟ್ಟು ದೊಡ್ಡ ಎಂಜಿನ್ನಿನ ಕಾರುಗಳು ಹಿಂದೆ ಬಿದ್ದವು. "ನಂಗೂ ಇಂಥದ್ದೊಂದು ಮಾಡ್ಕೊಡಿ" ಎಂದು ಒಬ್ಬ ಬಂದ, ಅವನ ಹಿಂದೆ ಇನ್ನೊಬ್ಬ. ಕಾರ್ಖಾನೆ ಹುಟ್ಟಿದ್ದು ಹೀಗೆ. ಸೀಟು ಹೊಲಿಯುವ ನಾನೂ ಸೇರಿ ಹನ್ನೊಂದು ಮನೆಗಳ ಹೊಟ್ಟೆ ಅದರಿಂದ ನಡೆಯುತ್ತಿತ್ತು.

ಪೂರ್ತಿ ಕಾರು ಮಾರಿದರೆ ಸರ್ಕಾರ ಕುತ್ತಿಗೆ ಹಿಸುಕುವಷ್ಟು ತೆರಿಗೆ ಹಾಕುತ್ತದೆ. ಬಿಡಿ ಭಾಗಗಳಿಗೆ ಹಾಕುವುದಿಲ್ಲ. ಹಾಗಾಗಿ ನಮ್ಮಂಥ ಸಣ್ಣವರೆಲ್ಲ ಕಾರನ್ನು ಪೆಟ್ಟಿಗೆಗಳಲ್ಲಿ ತುಂಬಿ ಮಾರುತ್ತಿದ್ದೆವು. ಕೊಂಡವನು ಮನೆಯ ಶೆಡ್ಡಿನಲ್ಲಿ ತಾನೇ ಜೋಡಿಸಿಕೊಳ್ಳಬೇಕು. ಆದರೆ ಜೋಡಿಸುವ ವಿಧಾನ ಬರೆದು ಕೊಟ್ಟೆವೋ, ಅದು ಬಿಡಿ ಭಾಗವಲ್ಲ, ಕಾರೇ ಎಂದು ತೆರಿಗೆಯವರು ಹಿಡಿಯುತ್ತಾರೆ. ಇದಕ್ಕೆ ಯಜಮಾನರು ಒಂದು ಉಪಾಯ ಕಂಡುಹಿಡಿದರು. ಜೋಡಿಸುವುದು ಹೇಗೆ ಎಂದು ಬರೆಯಬಾರದು ತಾನೆ? ಸರಿ, ಬಿಚ್ಚುವುದು ಹೇಗೆ ಎಂದು ಬರೆಯೋಣ. ಕೊಂಡವನು ಕೊನೆಯ ಸಾಲಿನಿಂದ ಮೊದಲ ಸಾಲಿಗೆ ಓದಿಕೊಂಡು ಹೋಗಲಿ. ಬಿಚ್ಚುವುದನ್ನು ಹೇಳಬಾರದು ಎಂದು ಯಾವ ಕಾನೂನಿನಲ್ಲೂ ಇಲ್ಲ! ಪಬ್ಬಿನಲ್ಲಿ ಈ ಸುದ್ದಿ ಕೇಳಿ ಊರೇ ಬಿದ್ದು ಬಿದ್ದು ನಕ್ಕಿತ್ತು.

ಆ ಹಾಳೆ ಬರೆದ ದಿನ ಸಿರಿಲ್ ಒಂದು ಪೂರ್ತಿ ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದ. ನಾನು ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂತಿದ್ದೆ. ಅವನು ಒಂದೊಂದೇ ಬಿಚ್ಚುತ್ತ ಕೂಗುವುದು, ನಾನು ಬರೆಯುವುದು. ಬಿಚ್ಚಿದ್ದೆಲ್ಲ ನೆಲಕ್ಕೆ ಹಾಸಿದ ಹಳೆಯ ಬೆಡ್‌ಶೀಟಿನ ಮೇಲೆ ಸಾಲಾಗಿ ಬರುತ್ತಿತ್ತು. ಆ ಬೆಡ್‌ಶೀಟಿನ ಮೇಲೆ ಇದ್ದದ್ದನ್ನು ನೋಡಿಯೇ ಪೆಟ್ಟಿಗೆಗೆ ಏನೇನು ಹಾಕಬೇಕು ಎಂದು ಆಮೇಲೆ ಗೊತ್ತುಮಾಡಿದ್ದು.

"ಸ್ಟೀರಿಂಗ್ ರಾಡಿನ ತುದಿ. ಪಿನ್ ಕಿತ್ತೆ. ಬರ್ಕೊಂಡ್ಯಾ?"

"ಕಿತ್ತು ಏನ್ಮಾಡ್ದೆ?"

"ಏನ್ಮಾಡ್ತಾರೆ, ಉಪ್ಪಿನಕಾಯಿ ಹಾಕ್ತಾರಾ? ಬಿಸಾಡ್ದೆ!"

"ಹಂಗೇ ಬರೀಲಾ?"

"ಇದ್ದಿದ್ದನ್ನ ಇದ್ದಂಗೆ ಬರಿ ಮಾರಾಯ್ತಿ. ಬೆನ್ನು ಹೆಪ್ಪುಗಟ್ಟಿ ಹೋಗ್ತಿದೆ ಇಲ್ಲಿ."

ಹಾಗೇ ಬರೆದೆ. 'ಪಿನ್ ಕಿತ್ತು ಬಿಸಾಡಿ. ನಟ್ ಬಿಚ್ಚಿ.' ಇದನ್ನು ತಿರುಗಿಸಿ ಓದಿದರೆ ಏನಾಗುತ್ತದೆ? ನಟ್ ಬಿಗಿ ಮಾಡಿ. ಆಮೇಲೆ? ಬಿಸಾಡಿದ್ದನ್ನು ತಿರುಗಿಸಿ ಓದುವುದು ಹೇಗೆ? ಬೆಡ್‌ಶೀಟಿನ ಮೇಲೆ ಆ ಪಿನ್ ಇರಲಿಲ್ಲ, ಹಾಗಾಗಿ ಪೆಟ್ಟಿಗೆಯಲ್ಲೂ ಇರಲಿಲ್ಲ. ಬೆರಳುದ್ದದ ತಂತಿ ಅದು. ನಟ್ಟಿನ ಹಲ್ಲುಗಳ ನಡುವೆ, ಬೋಲ್ಟಿನ ತೂತಿನಲ್ಲಿ ತೂರಿಸಿ ಕಾಲು ಬಗ್ಗಿಸಿಬಿಟ್ಟರೆ ನಟ್ಟು ಅಲ್ಲಾಡುವುದಿಲ್ಲ. ಅದಿಲ್ಲದಿದ್ದರೆ ರಸ್ತೆಯ ಕುಲುಕಾಟಕ್ಕೆ ನಟ್ಟು ದಿನಾ ಒಂದಿಷ್ಟು ಸಡಿಲವಾಗುತ್ತ ಹೋಗಿ ಒಂದು ದಿನ ಕಳಚಿ ಬೀಳುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೆ ಚಕ್ರ ತಿರುಗುವುದಿಲ್ಲ. ಸಿರಿಲ್ ಕಟ್ಟಿದ ರೇಸ್ ಕಾರುಗಳಲ್ಲಿ ಆ ಪಿನ್ ಯಾವತ್ತೂ ತಪ್ಪಿದ್ದಿಲ್ಲ, ಏಕೆಂದರೆ ಅವನು ಹಾಳೆ ನೋಡಿ ಕಟ್ಟುವವನಲ್ಲ. ನಾವು ಬರೆದದ್ದನ್ನು ಯಜಮಾನರು ಓದಿ ಭೇಷ್ ಎಂದರು. ಮೂವರಲ್ಲಿ ಒಬ್ಬರ ಕಣ್ಣಿಗೂ ಬೀಳಲಿಲ್ಲ.

ಕೊಂಡವರು ಆಗಾಗ ಫೋನ್ ಮಾಡಿ 'ಇದನ್ನ ಎಲ್ಲಿ ಕೂರಿಸೋದು, ಅದನ್ನ ಹೇಗೆ ಸೇರಿಸೋದು' ಎಂದು ಕೇಳುತ್ತಿದ್ದರು. ಹೇಳುವ ಹಾಗಿಲ್ಲ. ತೆರಿಗೆಯವರೇ ಗಿರಾಕಿಗಳ ಸೋಗಿನಲ್ಲಿ ಫೋನ್ ಮಾಡುತ್ತಾರೆಂದು ಯಜಮಾನರಿಗೆ ಗುಮಾನಿ. ಅದಕ್ಕೆ ಸಿರಿಲ್ ಒಂದು ಉತ್ತರ ಕಟ್ಟಿಟ್ಟುಕೊಂಡಿದ್ದ. "ನಾವು ಬಿಚ್ಚೋದಷ್ಟೇ ಹೇಳೋದು ಸಾರ್. ಜೋಡ್ಸೋದು ನಿಮಗೂ ದೇವರಿಗೂ ಬಿಟ್ಟಿದ್ದು." ಅತ್ತಲಿಂದ ನಗು ಕೇಳಿಸುತ್ತಿತ್ತು, ಇತ್ತ ನಾವೂ ನಗುತ್ತಿದ್ದೆವು. ಸೂಜಿ ಬಾಯಲ್ಲಿ ಕಚ್ಚಿಕೊಂಡು ನಕ್ಕು ನಕ್ಕು ನನಗೆ ಕಣ್ಣಲ್ಲಿ ನೀರು ಬಂದದ್ದೂ ಉಂಟು.

ಹೋದ ಅಕ್ಟೋಬರಿನಲ್ಲಿ ಆಡ್ರಿ ಲಾರ್ಟರ್ ಎಂಬ ಹುಡುಗಿಯ ಕೆರಿಸನ್ ಕಾರು, ಸಕ್ಕರೆ ಗೆಡ್ಡೆಯ ಹೊಲಗಳ ನಡುವೆ ರಸ್ತೆ ತಿರುಗುವ ಕಡೆ ತಿರುಗಲಿಲ್ಲ. ನೆಟ್ಟಗೆ ಹೋಗಿ ಕಾಲುವೆ ಹಾರಿ ಓಕ್ ಮರಕ್ಕೆ ಬಡಿಯಿತು. ಪಕ್ಕದ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವ ಹುಡುಗಿ, ಬೇಕರಿಯ ಹೊರೇಸ್ ಲಾರ್ಟರ್ ಅವರ ಒಬ್ಬಳೇ ಮಗಳು, ತಾಯಿ ಇಲ್ಲದವಳು. ಅಪ್ಪ ಮಗಳು ಸೇರಿ ಬೇಕರಿಯ ಹಿಂದಿನ ಶೆಡ್ಡಿನಲ್ಲಿ ಬೇಸಿಗೆಯೆಲ್ಲ ಆ ಕಾರು ಕಟ್ಟಿದ್ದರು. ಮುಂದಿನ ಭಾನುವಾರ ರನ್‌ವೇ ಮೇಲೆ ಗಂಡಸರ ಜೊತೆ ಓಡಿಸುತ್ತೇನೆ ಎಂದು ಹುಡುಗಿ ಊರೆಲ್ಲ ಸಾರಿದ್ದಳಂತೆ. ಈಗ ಸೊಂಟವೂ ಕಾಲೂ ಮುರಿದು ಆಸ್ಪತ್ರೆಯಲ್ಲಿದ್ದಳು. ಕೋಲಿಲ್ಲದೆ ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಯಜಮಾನರು ಪತ್ರಿಕೆಯ ಸುದ್ದಿಯನ್ನು ನಮಗೆಲ್ಲ ಗಟ್ಟಿಯಾಗಿ ಓದಿದರು. 'ಮನೆಯಲ್ಲೇ ಜೋಡಿಸಿದ ಕಾರು' ಎಂಬ ಮಾತನ್ನು ಎರಡು ಸಲ ಓದಿದರು. "ಪಾಪ, ಹುಡುಗಿ" ಎಂದು ನಿಟ್ಟುಸಿರು ಬಿಟ್ಟರು. ಆ ಉಸಿರಿನಲ್ಲಿ ಪಾಪಕ್ಕಿಂತ 'ಸದ್ಯ, ತಪ್ಪು ನಮ್ಮದಲ್ಲ' ಅನ್ನುವುದೇ ಹೆಚ್ಚಾಗಿ ಕೇಳಿಸಿತು ನನಗೆ. ನನ್ನ ಎದೆಯೊಳಗೂ ಅದೇ ಇತ್ತು, ಸುಳ್ಳು ಹೇಳಲಾರೆ.

ಒಂದೆರಡು ದಿನ ಬಿಟ್ಟು ಗ್ಯಾರೇಜಿನವನು ನಜ್ಜುಗುಜ್ಜಾದ ಕಾರನ್ನು ನಮ್ಮ ಅಂಗಳಕ್ಕೆ ಎಳೆದು ತಂದು ಹಾಕಿದ, ಉಳಿದ ಭಾಗ ಏನಾದರೂ ಉಪಯೋಗಕ್ಕೆ ಬರುತ್ತದೇನೋ ನೋಡಿ ಎಂದು. ಸಿರಿಲ್ ಅದರಡಿಗೆ ನುಸುಳಿದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವನೇ ನನ್ನನ್ನು ಕೂಗಿದ.

"ಐವಿ, ಆ ಹಾಳೆ ತಗೊಂಬಾ."

"ಯಾವ ಹಾಳೆ?"

"ನಾವು ಬರೆದಿದ್ದು."

ತಂದುಕೊಟ್ಟೆ. ಗಿರಾಕಿಗಳು ಓದುವ ಹಾಗೆ ಕೊನೆಯ ಸಾಲಿನಿಂದ ಬೆರಳಿಟ್ಟು ಮೇಲಕ್ಕೆ ಓದುತ್ತ ಬಂದ. ಒಂದು ಕಡೆ ಬೆರಳು ನಿಂತಿತು.

"ಪಿನ್ ಎಲ್ಲಿ ಐವಿ?"

"ನೀನೇ ಬಿಸಾಡ್ದೆಯಲ್ಲ" ಎಂದಿತು ನನ್ನ ಹಾಳು ಬಾಯಿ, ನಾನು ಯೋಚಿಸುವ ಮೊದಲೇ.

ಯಜಮಾನರು ಬಾಗಿಲು ಹಾಕಿಸಿ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಅವರು ಕೆಟ್ಟವರಲ್ಲ. ನನ್ನ ತಾಯಿ ತೀರಿಕೊಂಡಾಗ ತಮ್ಮ ಸ್ವಂತ ಕಾರಿನಲ್ಲಿ ನಮ್ಮನ್ನು ಇಗರ್ಜಿಗೆ ಕರೆದೊಯ್ದವರು. ಅವತ್ತು ಮಾತ್ರ ಪೈಪಿಗೆ ತಂಬಾಕು ತುಂಬಿ, ಹೊತ್ತಿಸದೆ ಮೇಜಿನ ಮೇಲಿಟ್ಟರು.

"ಇವತ್ತಿಂದ ಎಲ್ಲ ಪೆಟ್ಟಿಗೆಗೂ ಪಿನ್ ಹಾಕಿ. ಹಾಳೆ ತಿದ್ದಿ" ಎಂದರು.

"ಮತ್ತೆ ಈಗಾಗ್ಲೇ ಹೋಗಿರೋ ಕಾರುಗಳು?" ಎಂದ ಸಿರಿಲ್.

"ಅವರಿಗೆಲ್ಲ ಏನಂತ ಹೇಳೋದು? ನಮ್ಮ ಹಾಳೆ ನೋಡಿ ಜೋಡ್ಸಿದೀರಲ್ಲ, ಅದ್ರಲ್ಲಿ ತಪ್ಪಿದೆ ಅಂತಲಾ? ಜೋಡ್ಸೋಕೆ ಅಂತಲೇ ಕೊಟ್ಟಿದ್ವಿ ಅಂತ ನಾವೇ ಒಪ್ಕೊಂಡಂಗೆ ಆಯ್ತಲ್ಲ. ಮಾರಿದ್ದಕ್ಕೆಲ್ಲ ತೆರಿಗೆ ಕಟ್ಟು ಅಂತಾರೆ. ಮಾರನೇ ದಿನ ಬೀಗ. ಹನ್ನೊಂದು ಮನೆ, ಸಿರಿಲ್."

"ಯಾರಾದ್ರೂ ಸತ್ರೆ ಯಜಮಾನ್ರೇ?"

"ಬೋಲ್ಟಲ್ಲಿ ತೂತು ಕಂಡ್ರೆ ಪಿನ್ ಹಾಕ್ಬೇಕು ಅಂತ ಯಾವನಿಗೆ ಗೊತ್ತಾಗಲ್ಲ? ಎಲ್ಲ ಹಾಕ್ಕೊಂಡಿರ್ತಾರೆ ಬಿಡು."

ಸಿರಿಲ್ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಊರಿನವರಿಗೆಲ್ಲ ಬಾಯಿ ಮಾಡುವ ನಾನೂ ಏಪ್ರನ್ನಿನ ಅಂಚು ತಿರುವುತ್ತ ಕೂತಿದ್ದೆ. ಹನ್ನೊಂದು ಮನೆಯಲ್ಲಿ ನನ್ನದೂ ಒಂದಲ್ಲವೇ?

ಅಂದಿನಿಂದ ಸಿರಿಲ್ ಪಿನ್ ಎಸೆಯುವುದನ್ನು ಬಿಟ್ಟ. ಕಿತ್ತ ಪಿನ್ನುಗಳನ್ನೆಲ್ಲ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಬಟ್ಟೆ ಒಗೆಯುವಾಗ ಹಿಡಿಗಟ್ಟಲೆ ಸಿಗುತ್ತಿದ್ದವು. ಊಟಕ್ಕೆ ಕೂತರೆ ಆಲೂಗಡ್ಡೆಯನ್ನು ಫೋರ್ಕಿನಲ್ಲಿ ಅತ್ತಿಂದಿತ್ತ ಉರುಳಿಸುವುದು, ಏಳುವುದು. ನನ್ನ ಸಿಟ್ಟು ನೆತ್ತಿಗೇರಿತು.

"ಹೋಗಿ ಹೇಳ್ಬಿಡು, ಇಲ್ಲಾ ತಿನ್ನು. ಎರಡ್ರಲ್ಲಿ ಒಂದು ಮಾಡು."

"ನೀನು ಹೋಗಿ ಹೇಳು."

"ನಾನ್ಯಾಕ್ ಹೇಳ್ಲಿ?"

"ಬರೆದಿದ್ದು ನೀನು."

ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಅವನ ಮುಖಕ್ಕೆ ಬೀಸಿದೆ. ಹೇಳಿದವನು ನೀನು, ಬರೆದವಳು ನೀನು ಎಂದು ಇಬ್ಬರೂ ಬೀದಿ ನಾಯಿಗಳ ಹಾಗೆ ಕಚ್ಚಾಡಿದೆವು. ಬಿಸಿ ತುಪ್ಪ ಬಾಯಲ್ಲಿ ಹಾಕಿಕೊಂಡವರ ಪಾಡು ನಮ್ಮದು, ಉಗುಳಲೂ ಆಗದು, ನುಂಗಲೂ ಆಗದು.

ಗುರುವಾರ ಮಧ್ಯಾಹ್ನದ ಚಹಾದ ಹೊತ್ತಿಗೆ ಲಾರ್ಟರ್ ಅವರೇ ಬಂದರು. ಇಗರ್ಜಿಗೆ ಹಾಕುವ ಕಪ್ಪು ಸೂಟು, ಎರಡು ಕೈಯಲ್ಲಿ ಹಿಡಿದ ದೊಡ್ಡ ತಟ್ಟೆ, ಅದರ ಮೇಲೆ ಬಿಳಿ ಬಟ್ಟೆ. ಬೈಯಲು ಬಂದಿದ್ದಾರೆ ಎಂದುಕೊಂಡೆ. ದೇವರಾಣೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿಮ್ಮೆಲ್ಲರ ಹತ್ರ ಕ್ಷಮೆ ಕೇಳೋಣ ಅಂತ ಬಂದೆ" ಎಂದರು. ಬಟ್ಟೆ ಸರಿಸಿದರು. ಸಕ್ಕರೆ ಪಾಕ ಸವರಿದ ಬನ್ನುಗಳು. "ತಗೊಳ್ಳಿ, ತಗೊಳ್ಳಿ."

ಯಾರಿಗೂ ಏನೂ ತೋಚದೆ ಒಬ್ಬೊಬ್ಬರು ಒಂದೊಂದು ಬನ್ ಎತ್ತಿಕೊಂಡರು. ಯಜಮಾನರು, "ಛೆ ಛೆ, ನೀವ್ಯಾಕೆ ಕ್ಷಮೆ..." ಎಂದು ತಡವರಿಸಿದರು.

"ಪೇಪರಲ್ಲಿ ನಿಮ್ಮ ಕಾರಿನ ಹೆಸರು ಬಂದ್ಬಿಡ್ತು. ಇಷ್ಟು ವರ್ಷದ ನಿಮ್ಮ ಹೆಸರಿಗೆ ನನ್ನಿಂದ ಮಸಿ ಅಂಟ್ತು. ತಪ್ಪು ಕಾರಿಂದಲ್ಲ, ನಂದು. ಆ ಚಕ್ರದ ಹತ್ರ ಸ್ಪ್ಯಾನರ್ ಹಿಡ್ದಿದ್ದು ನಾನು. ಆಡ್ರಿ ಅವತ್ತು ಸೀಟು ಕೂರಿಸ್ತಿದ್ಲು. ಅಲ್ಲೊಂದು ಪಿನ್ ಇರ್ಬೇಕಿತ್ತಂತೆ, ಗ್ಯಾರೇಜಿನವನು ಹೇಳ್ದ. ನಾನೇ ಎಲ್ಲೋ ಬೀಳಿಸಿಬಿಟ್ಟಿದೀನಿ."

ನಾನು ಬನ್ನಿನ ಒಂದು ತುಂಡು ಆಗಲೇ ಕಚ್ಚಿದ್ದೆ.

"ಬೇಕರಿ ಅಲ್ವಾ, ಹಿಟ್ಟಿನ ಮೂಟೆ ಪಕ್ಕದಲ್ಲೇ ಕಾರು ಜೋಡ್ಸಿದ್ದು. ಅದ್ರೊಳಗೆ ಬಿತ್ತೇನೋ ಅಂತ ಇದ್ದ ಹಿಟ್ಟನ್ನೆಲ್ಲ ಜರಡಿ ಹಿಡ್ದೆ. ಸಿಗಲಿಲ್ಲ. ಯಾರ ಬ್ರೆಡ್ಡಲ್ಲಾದ್ರೂ ಹೋಗಿ ಮಗು ಗಿಗು ನುಂಗಿದ್ರೆ ಏನ್ ಗತಿ? ಒಲೆ ಆರಿಸಿ ಎಲ್ಲ ಮೂಟೆ ಹಂದಿಗೆ ಹಾಕಿಸ್ದೆ." ನಮ್ಮ ಕೈಯಲ್ಲಿದ್ದ ಬನ್ನುಗಳನ್ನು ನೋಡಿ ಅವಸರದಿಂದ ಸೇರಿಸಿದರು, "ಇವು ಹೊಸ ಹಿಟ್ಟಿಂದು. ಹೆದ್ರಬೇಡಿ, ತಿನ್ನಿ."

ಯಾರೂ ತಿನ್ನಲಿಲ್ಲ. ನನ್ನ ಬಾಯಲ್ಲಿದ್ದ ತುಂಡು ಒಳಗೂ ಹೋಗದು, ಹೊರಗೂ ಬಾರದು. ಇಲ್ಲದ ಪಿನ್ನಿಗಾಗಿ ಆ ಮನುಷ್ಯ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ನಾನು ಮನೆಯಲ್ಲಿ ಏನು ಮಾಡುತ್ತಿದ್ದೆ? ಪರದೆಗೆ ಹೂವಿನ ಬಟ್ಟೆ ಆರಿಸುತ್ತಿದ್ದೆ. ಥೂ ನನ್ನ ಜನ್ಮಕ್ಕೆ ಅನ್ನಿಸಿತು.

"ಮಗಳು ಹೇಗಿದಾಳೆ?" ಎಂದು ಯಜಮಾನರು ಕೇಳಿದರು. ಏನಾದರೂ ಕೇಳಲೇಬೇಕಿತ್ತು.

"ಗೊತ್ತಿಲ್ಲ. ನಾನಿನ್ನೂ ಅವಳ ಮುಂದೆ ಹೋಗಿಲ್ಲ." ಲಾರ್ಟರ್ ತಮ್ಮ ಅಂಗೈ ನೋಡಿಕೊಂಡರು. "ಆಸ್ಪತ್ರೆ ಬಾಗಿಲವರೆಗೂ ಹೋಗ್ತೀನಿ. ನರ್ಸ್ ಕೈಗೆ ಏನಾದ್ರೂ ಕೊಟ್ಟು ವಾಪಸ್ ಬರ್ತೀನಿ. ಯಾವ ಮುಖ ಇಟ್ಕೊಂಡು ಒಳಗೆ ಹೋಗ್ಲಿ? ಅದಕ್ಕೇ ಒಂದು ಸಹಾಯ ಕೇಳ್ತೀನಿ. ಆ ಪಿನ್ ಹೇಗೆ ಹಾಕ್ತಾರೆ, ಒಂದ್ಸಲ ತೋರಿಸ್ತೀರಾ? ನಾನೇನು ತಪ್ಪು ಮಾಡ್ದೆ ಅಂತ ಅವಳಿಗೆ ಸರಿಯಾಗಿ ಹೇಳ್ಬೇಕು."

ಎಲ್ಲರೂ ಸಿರಿಲ್ ಕಡೆ ನೋಡಿದರು. ಅವನು ಮೇಜಿನ ಹತ್ತಿರ ಹೋಗಿ ಒಂದು ಸ್ಟೀರಿಂಗ್ ರಾಡು ತೆಗೆದು, ಬೋಲ್ಟಿಗೆ ನಟ್ಟು ಬಿಗಿ ಮಾಡಿ, ತೂತಿಗೆ ಪಿನ್ ತೂರಿಸಿ, ಇಕ್ಕಳದಿಂದ ಅದರ ಕಾಲು ಬಗ್ಗಿಸಿದ.

"ಇಷ್ಟೇನಾ?" ಎಂದರು ಲಾರ್ಟರ್.

"ಇಷ್ಟೇ."

"ನೋಡಿ, ಈ ತೂತು ಕಂಡಿದ್ದೆ ನಾನು! ಕಂಡು ಫೋನೂ ಮಾಡಿದ್ದೆ ಇಲ್ಲಿಗೆ. ಇದ್ರೊಳಗೆ ಏನಾದ್ರೂ ಬರುತ್ತಾ ಅಂತ ಕೇಳ್ದೆ. ನಿಮ್ಮವ್ರೊಬ್ರು ತಮಾಷೆಯವರು, ಜೋಡ್ಸೋದು ನಿಮಗೂ ದೇವರಿಗೂ ಬಿಟ್ಟಿದ್ದು ಅಂದ್ರು. ಆಡ್ರಿಗೂ ಹೇಳ್ದೆ, ಇಬ್ರೂ ನಕ್ವಿ. ಇನ್ನೊಂದ್ಸಲ ಕೇಳ್ಬೇಕಿತ್ತು. ಕೆಲಸದವರಿಗೆ ತೊಂದ್ರೆ ಯಾಕೆ ಅಂತ ಸುಮ್ನಾದೆ. ಅದೂ ನಂದೇ ತಪ್ಪು."

ಸಿರಿಲ್ ಇಕ್ಕಳವನ್ನು ಮೇಜಿನ ಮೇಲಿಟ್ಟ. ಯಜಮಾನರು ಅವನನ್ನೇ ನೋಡುತ್ತಿದ್ದರು. ಬೇಡ ಎಂದು ತಲೆಯಾಡಿಸಿದರೋ, ನಿನ್ನಿಷ್ಟ ಎಂದರೋ ನನಗೆ ಇವತ್ತಿಗೂ ತಿಳಿಯದು.

"ಆ ತಮಾಷೆಯವನು ನಾನೇ" ಎಂದ ಸಿರಿಲ್. "ನೀವು ಕೇಳಿದ್ದು... ನಾನು ಸರಿಯಾಗಿ ಕೇಳಿಸ್ಕೊಳ್ಳಲೂ ಇಲ್ಲ."

ಬಾಯಲ್ಲಿದ್ದ ಬನ್ನನ್ನು ಕೈಗೆ ಉಗಿದುಕೊಂಡು ನಾನೇ ಎದ್ದೆ.

"ನೀವು ಏನೂ ಬೀಳಿಸಿಲ್ಲ ಲಾರ್ಟರ್ ಅವ್ರೇ. ನಿಮ್ಮ ಪೆಟ್ಟಿಗೇಲಿ ಆ ಪಿನ್ನೇ ಇರಲಿಲ್ಲ."

"ಐವಿ!" ಎಂದರು ಯಜಮಾನರು.

"ಏನ್ ಐವಿ? ಹಾಳೇಲಿ ಬಿಸಾಡಿ ಅಂತ ಬರೆದಿದ್ದು ಇದೇ ಕೈ. ಬಿಸಾಡಿದ್ದನ್ನ ಪೆಟ್ಟಿಗೆಗೆ ಹಾಕಬೇಕು ಅಂತ ನಮ್ಮ ಮೂವರ ದೊಡ್ಡ ತಲೆಗೂ ಹೊಳೀಲಿಲ್ಲ. ಗೊತ್ತಾದ್ಮೇಲೂ ಬಾಯಿ ಮುಚ್ಕೊಂಡು ಕೂತ್ವಿ. ಈ ಮನುಷ್ಯ ಹಿಟ್ಟು ಜರಡಿ ಹಿಡೀತಿದ್ರೆ ನಾವು ಚಹಾ ಕುಡೀತಾ ಕೂತಿದ್ವಿ!"

ಲಾರ್ಟರ್ ಕೂಗಾಡಲಿಲ್ಲ.

"ಇರಲೇ ಇಲ್ವಾ?"

"ಇರಲಿಲ್ಲ."

"ಹಾಗಾದ್ರೆ ಹಿಟ್ಟಲ್ಲೂ..."

"ಇರಲಿಲ್ಲ ಲಾರ್ಟರ್ ಅವ್ರೇ."

ಅವರು ತಟ್ಟೆಯ ಹತ್ತಿರ ಹೋದರು. ಉಳಿದ ಬನ್ನುಗಳ ಮೇಲೆ ಬಿಳಿ ಬಟ್ಟೆಯನ್ನು ಎಳೆದು, ನಾಲ್ಕೂ ಮೂಲೆ ಸರಿಮಾಡಿ, ತಟ್ಟೆ ಎತ್ತಿಕೊಂಡರು. "ಇವನ್ನ ಆಡ್ರಿಗೆ ತಗೊಂಡ್ ಹೋಗ್ತೀನಿ" ಎಂದರು. ಬಾಗಿಲಲ್ಲಿ ನಿಂತು ಸಿರಿಲ್‌ಗೆ, "ನೀವೂ ಬನ್ನಿ. ನನಗೆ ಹೇಳಿದ್ದನ್ನ ಅವಳಿಗೂ ಹೇಳಿ" ಎಂದರು. ಕೈಯಲ್ಲಿದ್ದ ಬನ್ನುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಮ್ಮವರೆಲ್ಲ ನಿಂತೇ ಇದ್ದರು.

ಕಾರ್ಖಾನೆಯ ವ್ಯಾನಿನಲ್ಲಿ ಲಾರ್ಟರ್, ಸಿರಿಲ್, ನಾನು ಮೂವರೂ ಹೋದೆವು. ಆಸ್ಪತ್ರೆಯಲ್ಲಿ ಹುಡುಗಿಯ ಕಾಲನ್ನು ಹಗ್ಗ ಕಟ್ಟಿ ಮೇಲಕ್ಕೆ ತೂಗುಹಾಕಿದ್ದರು. ಅಪ್ಪನನ್ನು ಕಂಡದ್ದೇ ಅವಳ ಕಣ್ಣು ಕೆಂಪಾಯಿತು.

"ಎಲ್ಲಿ ಸತ್ತಿದ್ದೆ ಅಪ್ಪಾ ಇಷ್ಟು ದಿನ? ಬನ್ ತಿನ್ನೋಕೆ ಬಿದ್ದಿದೀನಾ ಇಲ್ಲಿ?"

ಲಾರ್ಟರ್ ತಟ್ಟೆಯನ್ನು ನೆಲದ ಮೇಲಿಟ್ಟು ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಸಿರಿಲ್ ಮಂಚದ ತುದಿಯಲ್ಲಿ ಟೋಪಿ ಕಳಚಿ ನಿಂತು ಎಲ್ಲ ಹೇಳಿದ, ಹಾಳೆ, ಬೆಡ್‌ಶೀಟು, ಫೋನು, ಮುಚ್ಚಿಟ್ಟದ್ದು. ಒಂದನ್ನೂ ಬಿಡಲಿಲ್ಲ. ಕೊನೆಗೆ ಕ್ಷಮಿಸಿ ಎಂದ.

ಆಡ್ರಿ ಕ್ಷಮಿಸಿದೆ ಅನ್ನಲಿಲ್ಲ. ಯಾಕನ್ನಬೇಕು?

"ಇನ್ನೂ ಎಷ್ಟು ಜನರ ಹತ್ರ ಇದೆ ಇಂಥ ಕಾರು?" ಎಂದು ಕೇಳಿದಳು.

ಸಿರಿಲ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

"ಮತ್ತೆ ಇಲ್ಲಿ ಯಾಕ್ ನಿಂತಿದೀರಾ?" ಎಂದಳು ಹುಡುಗಿ.

ನಾವು ಕಾರ್ಖಾನೆಗೆ ಮರಳಿದಾಗ ಯಜಮಾನರು ಒಬ್ಬರೇ ಕೂತಿದ್ದರು. ಮೇಜಿನ ಮೇಲೆ ಕಾಗದದ ಚೀಲದ ತುಂಬ ಹೊಸ ಪಿನ್ನುಗಳು, ಪಕ್ಕದಲ್ಲಿ ಕೊಂಡವರ ವಿಳಾಸ.

"ಬೀಗ ಬೀಳುತ್ತೆ, ಗೊತ್ತಲ್ಲ?" ಎಂದರು.

"ಗೊತ್ತು ಯಜಮಾನ್ರೇ."

"ಹೊರಡಿ ಮತ್ತೆ. ನಾನೂ ಮನುಷ್ಯನೇ ಐವಿ, ಹಾಗೆ ನೋಡ್ಬೇಡ."

ಅಂದು ಸಂಜೆಯೂ ಮಾರನೆಯ ದಿನವೂ ವ್ಯಾನು ಹತ್ತಿ ಊರೂರು ಸುತ್ತಿದೆವು. ಮೊದಲ ಮನೆ ಒಬ್ಬ ಪಾದ್ರಿಯದು. ಸಿರಿಲ್ ಬಾಗಿಲಲ್ಲೇ ಎಲ್ಲ ಹೇಳಿ, ಕೋಟು ಕಳಚಿ ಕಾರಿನ ಅಡಿಗೆ ನುಸುಳಿದ. ಅಲ್ಲಿ ಪಿನ್ ಇತ್ತು. ಪಾದ್ರಿಯೇ ಸೈಕಲ್ ಅಂಗಡಿಯಿಂದ ತಂದು ಹಾಕಿಕೊಂಡಿದ್ದರು. ಮುಂದಿನ ಮನೆ ರೈಲ್ವೆಯವನದು. ಅಲ್ಲೂ ಇತ್ತು. ಹಲ್ಲಿನ ಡಾಕ್ಟರರ ಮನೆಯಲ್ಲಿ ಇತ್ತು, ಮೇಷ್ಟರ ಮನೆಯಲ್ಲಿ ಇತ್ತು. ಪ್ರತಿ ಮನೆಯಲ್ಲೂ ಸಿರಿಲ್ ಕಾರಿನ ಅಡಿಗೆ ಹೋಗುವುದು, ಬೆವರು ಒರೆಸಿಕೊಂಡು ಹೊರಗೆ ಬರುವುದು. ಕಟ್ಟಕಡೆಯ ಮನೆಯವನು ಒಬ್ಬ ಕಟುಕ, ದಪ್ಪ ಹೊಟ್ಟೆಯ ನಗೆಗಾರ.

"ಹಾಳೇಲಿ ಇರಲಿಲ್ಲ, ಪೆಟ್ಟಿಗೇಲೂ ಇರಲಿಲ್ಲ. ಆದ್ರೆ ನಿಮ್ಮ ಹಾಳೆನ ಯಾವನಯ್ಯಾ ನಂಬ್ತಾನೆ?" ಎಂದು ಸಿರಿಲ್‌ನ ಬೆನ್ನಿಗೆ ಗುದ್ದಿದ. "ತಲೆ ಇರೋನು ಯಾವನೂ ನಂಬಲ್ಲ!"

ಸಮಾಧಾನವಾಗಬೇಕಿತ್ತು. ಯಾರಿಗೂ ಏನೂ ಆಗಿಲ್ಲ, ಆಗುವುದೂ ಇಲ್ಲ. ವ್ಯಾನಿಗೆ ಬಂದು ಕೂತ ಸಿರಿಲ್ ಕೀಲಿ ತಿರುಗಿಸದೆ ಸ್ಟೀರಿಂಗ್ ಮೇಲೆ ಹಣೆ ಇಟ್ಟ. "ನಮ್ಮನ್ನ ಪೂರ್ತಿ ನಂಬಿದ್ದು ಆ ಅಪ್ಪ ಮಗಳು ಇಬ್ರೇ ಐವಿ" ಎಂದ. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ.

ಹಿಂದಿರುಗುವ ದಾರಿಯಲ್ಲೇ ಲಾರ್ಟರ್ ಅವರ ಬೇಕರಿ. ಒಲೆ ಮತ್ತೆ ಉರಿಯುತ್ತಿತ್ತು. ಗಾಜಿನಾಚೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಅವರು ನಮ್ಮ ವ್ಯಾನನ್ನೇ ನೋಡಿದರು. ನಿಲ್ಲಿಸದೆ ಹೋಗುವ ಹಾಗಿರಲಿಲ್ಲ. ಒಳಗೆ ಹೋದೆವು. ಅವರು ನಮಸ್ಕಾರ ಹೇಳಲಿಲ್ಲ, ಹೊರಗೆ ಹೋಗಿ ಎಂದೂ ಅನ್ನಲಿಲ್ಲ.

"ಎಲ್ಲರ ಮನೆಗೂ ಹೋದ್ರಾ?"

"ಹೋದ್ವಿ" ಎಂದ ಸಿರಿಲ್.

"ಉಳಿದವರದ್ದು ಹೇಗಿತ್ತು?" ಲಾರ್ಟರ್ ಕೈ ಒರೆಸುವುದನ್ನು ನಿಲ್ಲಿಸಿದ್ದರು. "ಅವರು ಹಾಕಿದ್ರಾ ಪಿನ್ನು? ನಾನೊಬ್ನೇನಾ ಹಾಕದೇ ಇದ್ದೋನು?"

ಸಿರಿಲ್ ಬಾಯಿ ತೆರೆದ. ಸುಳ್ಳು ಬಾರದ ಬಾಯಿ ಅದು, ನನಗೆ ಗೊತ್ತು. ಆ ಮನುಷ್ಯನ ಕಣ್ಣು ನೋಡಿದೆ. ಇಲ್ಲದ ಪಿನ್ನಿಗಾಗಿ ಇನ್ನೊಂದು ಸಲ ಹಿಟ್ಟು ಜರಡಿ ಹಿಡಿಯಲು ಸಿದ್ಧವಾದ ಕಣ್ಣು.

"ಒಬ್ರೂ ಹಾಕಿರಲಿಲ್ಲ" ಎಂದೆ ನಾನು. "ಎಲ್ಲ ತೂತೂ ಖಾಲಿ. ನಾವೇ ಹಾಕಿ ಬಂದ್ವಿ. ನಿಮ್ಮ ಮಗಳು ಅವತ್ತು ಓಡಿಸದೇ ಇದ್ದಿದ್ರೆ ಎಷ್ಟು ಜನ ಸಾಯ್ತಿದ್ರೋ."

ಲಾರ್ಟರ್ ಅವರ ಹೆಗಲು ಮೆಲ್ಲಗೆ ಇಳಿಯಿತು. "ಆಡ್ರಿಗೆ ಹೇಳ್ತೀನಿ" ಎಂದರು. ಕಪಾಟಿನಿಂದ ಒಂದು ಬ್ರೆಡ್ ತೆಗೆದು ಕಾಗದದಲ್ಲಿ ಸುತ್ತಿ ಕೊಟ್ಟರು. ಯಾವತ್ತಿನ ಹಾಗೆ ದುಡ್ಡು ತೆಗೆದುಕೊಂಡರು.

ಕಾರ್ಖಾನೆಗೆ ಕ್ರಿಸ್ಮಸ್ಸಿಗೆ ಮೊದಲೇ ಬೀಗ ಬಿತ್ತು. ಸಿರಿಲ್ ಈಗ ಬಸ್ ಡಿಪೋದಲ್ಲಿದ್ದಾನೆ, ನಾನು ಕಂಡವರ ಪರದೆ ಹೊಲಿಯುತ್ತೇನೆ. ಒಂದು ಕಾರಿಗೂ ಪಿನ್ ಹಾಕದೆ ಕಳಿಸಿದ ಕಂಪನಿ ಎಂದು ಲಾರ್ಟರ್ ಅವರ ಊರಿನವರು ಇವತ್ತಿಗೂ ನಮ್ಮನ್ನು ಉಗಿಯುತ್ತಾರೆ. ಉಗಿಯಲಿ. ಅವತ್ತು ಬೇಕರಿಯಿಂದ ಬಂದು ವ್ಯಾನು ಹತ್ತಿದಾಗ ಪಿನ್ನಿನ ಚೀಲ ಸೀಟಿನ ಮೇಲೆ ಹಾಗೇ ಕೂತಿತ್ತು, ಒಂದೂ ಕಡಿಮೆಯಾಗಿರಲಿಲ್ಲ. ಲಾರ್ಟರ್ ಬಾಗಿಲಿನವರೆಗೆ ಬಂದಿದ್ದರು. ಅವರಿಗೆ ಕಾಣದ ಹಾಗೆ ಅದನ್ನು ಕಾಲಿನಿಂದ ಸೀಟಿನ ಕೆಳಗೆ ತಳ್ಳಿ, ಬಿಸಿ ಬ್ರೆಡ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.